ಮೂರನೇ ಸಲದ ಕಬೂಲ್

"ಮದಿಮಗಳು ನಗಬಾರದಂತ್ರಿ," ಎಂದ ಸಂಗಣ್ಣ, ಕ್ಯಾಮರಾದ ಪಕ್ಕ ನಿಂತಿದ್ದ ಪರದೇಶದ ಮೇಡಮ್ಮಳ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುತ್ತ. "ನಮ್ಮ ಇಂಡಿಯಾದಾಗ ಮದಿಮಗಳು ಅಳ್ತಾಳಂತ. ಇನ್ನೊಮ್ಮಿ ಮಾಡಬೇಕಂತ."

ಬಷೀರಾ ನಗು ನುಂಗಿಕೊಂಡು ತಲೆ ತಗ್ಗಿಸಿದಳು. ಮೊದಲನೇ ಸಲ ಫರಸಿ ಕಲ್ಲು ಹೇರಿದ್ದ ಲಾರಿಯೊಂದು ಓಣಿಯಲ್ಲಿ ಹಾರನ್ ಹೊಡೆದು ಎಲ್ಲ ಕೆಡಿಸಿತ್ತು. ಎರಡನೇ ಸಲ ನಿಕಾಹ್ ಮಾಡಿಸುವ ಕಾಜಿಯ ವೇಷ ಹಾಕಿದ್ದ ನೆರೆಮನೆಯ ಹಾಜಿಮಲಂಗನ ರುಮಾಲು ಜಾರಿ ಮೂಗಿನ ಮೇಲೆ ಕೂತಿತು. ಅದನ್ನು ನೋಡಿ ನಗದೇ ಇರುವುದು ಯಾರಿಂದಾದೀತು?

ಪರದೇಶದ ಟೀವಿಯವರು ಶಹಾಬಾದಕ್ಕೆ ಬಂದದ್ದು ಕಲ್ಲಿನ ಗಣಿ ನೋಡಲಿಕ್ಕೆ. ಎರಡು ದಿನ ಕಲ್ಲು ನೋಡಿ ಬೇಸರ ಬಂತೋ ಏನೋ, ಒಂದು ಮದುವೆ ಬೇಕು ಎಂದರು. ಗಣಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಸಂಗಣ್ಣ, ಇದು ಮೊಹರಂ ತಿಂಗಳು, ಈ ಓಣಿಯಲ್ಲಿ ಯಾರೂ ನಿಕಾಹ್ ಮಾಡುವುದಿಲ್ಲ ಎಂದು ಹೇಳಿ ನೋಡಿದ. ಹಾಗಾದರೆ ಸುಮ್ಮನೆ ಮಾಡಿ ತೋರಿಸಿ ಎಂದರು. ಕಲ್ಲು ಪಾಲಿಶ್ ಮಾಡಿಸುವ ಮಜೀದಸಾಬನ ಅಂಗಳ ಅವರಿಗೆ ಹಿಡಿಸಿತು. ಅವನ ಮಗಳು ಬಷೀರಾಳ ಕಣ್ಣುಗಳು ಇನ್ನೂ ಹೆಚ್ಚು ಹಿಡಿಸಿದವು.

ಬಷೀರಾಳಿಗೆ ಗುಂಡಗುರ್ತಿಯ ಗುಲಾಮ್ ರಸೂಲನ ಜೊತೆ ಮದುವೆಯ ಮಾತು ಮುಗಿದಿತ್ತು. ಹೆಂಡತಿ ತೀರಿಕೊಂಡವನು, ಎರಡು ಮಕ್ಕಳ ತಂದೆ, ಹೊಲಮನೆ ಇದ್ದವನು. ಮೊಹರಂ, ಅದರ ಮುಂದಿನ ಸಫರ್ ತಿಂಗಳು ಕಳೆದ ಕೂಡಲೇ ನಿಕಾಹ್. ಹೀಗಿರುವಾಗ ಮಗಳನ್ನು ಕ್ಯಾಮರಾದ ಮುಂದೆ ಕೂಡಿಸುವುದೇ ಎಂದು ತಾಯಿ ಮಾಸುಮಬಿ ಹೆದರಿದಳು. ಮಜೀದಸಾಬ ಮಾತ್ರ ಉಬ್ಬಿಹೋಗಿದ್ದ. "ಇದು ಪರದೇಶದಾಗ ತೋರಸೋದು. ಗುಂಡಗುರ್ತಿ ಶಾಲ್ಯಾಗ ಊರ ಮಂದಿ ನೋಡೋ ಟೀವಿದಾಗ ಅಲ್ಲ. ಅಲ್ಲಿ ಮಂದಿಗಿ ನಮ್ಮ ಬಷೀರಾ ಯಾರಂತ ಏನ್ ಗೊತ್ತದ?" ಎಂದ.

ಮೇಡಮ್ ಮೊದಲು ರೇಡಿಯೋಕ್ಕೆ ಬಟ್ಟೆ ಮುಚ್ಚಿಸಿದಳು. ಆಮೇಲೆ ಗೋಡೆ ಗಡಿಯಾರ ಒಳಗೆ ಹೋಯಿತು. ಕಲ್ಲು ಪಾಲಿಶ್ ಮಾಡುವ ಇಸಾಕನನ್ನು ಮದುಮಗನಾಗಿ ಕೂಡಿಸಿ, ಅವನ ಪ್ಯಾಂಟು ಬಿಚ್ಚಿಸಿ ಲುಂಗಿ ಉಡಿಸಿದರು. ಮನೆಯಲ್ಲಿಲ್ಲದ ಮೇಕೆಯೊಂದು ಪಕ್ಕದ ಮನೆಯಿಂದ ಬಂತು. ಬಷೀರಾಳ ಹಣೆಗೆ ಮೇಡಮ್ ಕುಂಕುಮ ಇಟ್ಟಳು, ಮಾಸುಮಬಿ ಒರೆಸಿದಳು, ಮೇಡಮ್ ಮತ್ತೆ ಇಟ್ಟಳು. "ಇರಲಿ ಬಿಡ್ರಿ ಅಕ್ಕಾ, ಅವರ ಮಂದಿಗಿ ನಾವು ನೀವು ಎಲ್ಲಾ ಒಂದೇ," ಎಂದು ಸಂಗಣ್ಣ ಕೈಮುಗಿದ.

ಮೂರನೇ ಸಲ ಮೇಡಮ್ ಬಂದು ಬಷೀರಾಳ ಕುತ್ತಿಗೆ ಹಿಡಿದು ಇನ್ನಷ್ಟು ತಗ್ಗಿಸಿದಳು, ಅಳು ಎಂದು ಸನ್ನೆ ಮಾಡಿದಳು. ಆಗ ಇಬ್ಬರ ನಡುವೆ ಕಟ್ಟಿದ್ದ ತೆಳು ಪರದೆಯ ಆಚೆಯಿಂದ ಇಸಾಕ ಅಂದ: "ಸಂಗಣ್ಣಾ, ಆಕಿಗಿ ಕುತಗಿ ನೋಯಾಕತ್ತದ. ಬಿಡು ಅಂತ ಹೇಳು ಅವರಿಗಿ."

ಸಂಗಣ್ಣ ಹೇಳಿದನೋ ಇಲ್ಲವೋ. ಬಷೀರಾ ಮಾತ್ರ ಕಣ್ಣೆತ್ತಿ ಪರದೆಯ ಕಡೆ ನೋಡಿದಳು. ಹಾಜಿಮಲಂಗ ಗಂಭೀರವಾಗಿ ಕೇಳಿದ, ಇಸಾಕ ಕಬೂಲ್ ಅಂದ, ಅವಳೂ ಮೆಲ್ಲಗೆ ಕಬೂಲ್ ಅಂದಳು. ಕಣ್ಣಲ್ಲಿ ನೀರೂ ಬಂತು. ಮೇಡಮ್ ಚಪ್ಪಾಳೆ ತಟ್ಟಿದಳು. ಹತ್ತು ನಿಮಿಷದಲ್ಲಿ ಟೀವಿಯವರು ಪೆಟ್ಟಿಗೆ ಕಟ್ಟಿ, ಮುಂಬಯಿ ಗಾಡಿ ಹಿಡಿಯಲು ವಾಡಿಯ ಕಡೆ ಹೊರಟರು. ಶೂಟಿಂಗಿಗೆ ತಂದಿದ್ದ ಖಜೂರವನ್ನು, ನಿಕಾಹ್ ಆದ ಮೇಲೆ ಹಂಚುವ ಹಾಗೆ, ಮಜೀದಸಾಬ ಎಲ್ಲರಿಗೂ ಹಂಚತೊಡಗಿದ.

ಒಳಗೆ ಮಲಗಿದ್ದ ಅಜ್ಜಿ ಅಖ್ತರ ಬೇಗಂ ಕೋಲೂರಿಕೊಂಡು ಹೊರಗೆ ಬಂದದ್ದು ಆಗ.

"ಮೊಹರಂದಾಗ ಖಜೂರ ಯಾಕ ಹಂಚಾಕತ್ತೀರಿ?"

ಎಲ್ಲರೂ ನಕ್ಕು ನಡೆದದ್ದನ್ನು ಹೇಳಿದರು. ಅಜ್ಜಿ ನಗಲಿಲ್ಲ. "ಹುಡುಗಿ ಕಬೂಲ್ ಅಂದಳೇನು?"

"ಸುಮ್ನ ಅಂದಳು, ಅಮ್ಮಾ. ಚೇಷ್ಟಿಗಿ," ಎಂದ ಮಜೀದಸಾಬ.

"ನಿಕಾಹ್‌ದಾಗ ಚೇಷ್ಟಿ ಎಲ್ಲಿ ಅದ? ಚೇಷ್ಟಿಗಿ ಅಂದ್ರೂ ಅಂದಂಗೇ!" ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಅಯ್ಯೋ ಅಲ್ಲಾ, ಗುಂಡಗುರ್ತಿಯವರಿಗಿ ಏನಂತ ಹೇಳ್ತೀರಿ?"

ಮಜೀದಸಾಬನ ಕೈಯಲ್ಲಿದ್ದ ಖಜೂರ ಕೈಯಲ್ಲೇ ಉಳಿಯಿತು. ಆ ಫಿಲ್ಮ್ ಸುಟ್ಟರೆ ನಿಕಾಹ್ ಮುರಿದೀತು ಎಂದು ಅವನಿಗೆ ಯಾಕೆ ಅನ್ನಿಸಿತೋ, ಸಂಗಣ್ಣನನ್ನು ಸೈಕಲ್ ಹತ್ತಿಸಿ ಓಡಿಸಿದ. ಸಂಗಣ್ಣ ಬೆವರು ಸುರಿಸುತ್ತ ವಾಪಸು ಬಂದ. ಅವರ ಜೀಪು ಊರು ದಾಟಿತ್ತು.

ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಎಲ್ಲರೂ ಕಾಜಿಯ ಮನೆಗೆ ಹೋದರು. ದಾರಿಯಲ್ಲಿ ಮಾಸುಮಬಿ ಮಗಳ ತೋಳು ಹಿಡಿದು ಪಿಸುಗುಟ್ಟಿದಳು: "ನೀ ಮೆಲ್ಲಗ ಅಂದೀದಿ, ಯಾರಿಗೂ ಕೇಳಿಲ್ಲ. ತುಟಿ ಅಷ್ಟೇ ಅಲುಗಿಸೀನಿ ಅನ್ನು. ನಿನ್ನ ಕಾಲಿಗಿ ಬೀಳ್ತೀನಿ." ತಾಯಿ ತನ್ನ ಕಾಲಿಗೆ ಬೀಳುವ ಮಾತಾಡಿದ್ದು ಬಷೀರಾಳಿಗೆ ಇದೇ ಮೊದಲು. ಸುಳ್ಳು ಹೇಳಿದರೆ ಖುದಾನ ಮುಂದೆ ತಪ್ಪಿತಸ್ಥಳು. ನಿಜ ಹೇಳಿದರೆ ಅಪ್ಪನ ಮಾನ ಗುಂಡಗುರ್ತಿಯ ಕಟ್ಟೆಯ ಮೇಲೆ ಹರಾಜು.

ಕಾಜಿ ಮುದುಕರು. ಚಾಪೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಕೇಳಿದರು.

"ಹೆಸರು ಹಿಡಿದು ಕೇಳಿದಿ ಏನು?"

"ಕೇಳಿದ್ನಿ," ಎಂದ ಹಾಜಿಮಲಂಗ. "ಅಪ್ಪಗೋಳ ಹೆಸರೂ ಹೇಳಿದ್ನಿ. ಮದಿಮಗಳಿಗಿ ಕೊಡೋ ಮೆಹರ್ ಸೈತ ಹೇಳಿದ್ನಿ. ಅವರು ಎಲ್ಲಾ ಖರೇ ಕಾಣಬೇಕು ಅಂದಿದ್ರಲ್ಲ."

"ಗವಾಹಿ? ಸಾಕ್ಷಿ ಯಾರಿದ್ರು?"

ಗಣಿಯ ಇಬ್ಬರು ಮುಂದೆ ಬಂದು ತಲೆ ತಗ್ಗಿಸಿದರು. ಎರಡು ಮಕ್ಕಳ ತಂದೆಯ ಜೊತೆ ಗೊತ್ತುಮಾಡಿದ ಮದುವೆಗೆ ಇನ್ನೂ ಯಾವ ತಯಾರಿಯೂ ಆಗಿರಲಿಲ್ಲ. ಮೇಕೆ ತಂದು ಕಟ್ಟಿದ ಈ ಮದುವೆಗೆ ಏನೂ ಕಡಿಮೆಯಾಗಿರಲಿಲ್ಲ.

"ಇಸಾಕ, ನೀ ಏನಂದಿ?"

"ಮೂರೂ ಸಲ ಕಬೂಲ್ ಅಂದೀನ್ರಿ."

"ಚೇಷ್ಟಿಗೇನು?"

ಇಸಾಕ ಕಲ್ಲಿನ ಧೂಳು ಮೆತ್ತಿದ ತನ್ನ ಉಗುರುಗಳನ್ನೇ ನೋಡಿಕೊಂಡ. "ಮೊದಲನೇ ಸಲ ಚೇಷ್ಟಿಗಿ ಅಂದಿದ್ನಿ," ಎಂದ.

ಮಜೀದಸಾಬ ಅವನ ಮೇಲೆ ಏರಿಹೋದ. ಸಂಗಣ್ಣ ನಡುವೆ ಬಂದು ಹಿಡಿದುಕೊಂಡ. ಕಾಜಿ ಕೈಯೆತ್ತಿ ಸುಮ್ಮನಾಗಿಸಿ ಬಷೀರಾಳ ಕಡೆ ತಿರುಗಿದರು.

"ನೀ ಏನಂದಿ, ಬೇಟಿ?"

ತಾಯಿಯ ಉಗುರು ಅವಳ ಮುಂಗೈಯಲ್ಲಿ ನೆಟ್ಟಿತ್ತು. "ಕಬೂಲ್ ಅಂದೀನಿ," ಎಂದಳು ಬಷೀರಾ.

ಮಾಸುಮಬಿ ಸೆರಗು ಬಾಯಿಗೆ ತುರುಕಿಕೊಂಡಳು. ಕಾಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕಿತಾಬಿನ ಪ್ರಕಾರ ನಿಕಾಹ್ ಆಗ್ಯಾದ. ಆದ್ರ ದಾರಿ ಅದ. ನಿನಗ ಮಂಜೂರಿಲ್ಲ ಅಂದ್ರ ಇಸಾಕ ಈಗಿಂದೀಗ ನಿನ್ನ ಬಿಡ್ತಾನ. ಹೌದಿಲ್ಲೋ, ಇಸಾಕ?"

"ಆಕಿ ಬ್ಯಾಡ ಅಂದ್ರ ಬಿಡ್ತೀನ್ರಿ."

"ಹಾಂ! ಇಲ್ಲ ಅನ್ನು," ಎಂದ ಮಜೀದಸಾಬ. ಅವನ ದನಿ ಆಜ್ಞೆಯಂತೆ ಹೊರಟು ಅರ್ಧಕ್ಕೇ ಬೇಡಿಕೆಯಾಯಿತು. "ಒಂದೇ ಮಾತು, ಬೇಟಿ. ಇಲ್ಲ ಅಂದುಬಿಡು. ಮನಿಗಿ ಹೋಗಮು."

ಒಂದೇ ಮಾತು ನಿಜ. ಗುಂಡಗುರ್ತಿಯ ಮಾತು ಮುಗಿಸಿ ಬಂದ ದಿನ ಅಪ್ಪ ಅವಳಿಗೆ ಚಹಾ ತಾ ಎಂದಿದ್ದನೇ ಹೊರತು ಬೇರೇನೂ ಕೇಳಿರಲಿಲ್ಲ. ಈಗ ಒಂದು ಕೋಣೆಯ ತುಂಬ ಗಂಡಸರು ಅವಳ ಬಾಯಿಂದ ಏನು ಬರುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿದ್ದರು. ಬಷೀರಾ ತಲೆ ತಗ್ಗಿಸಲಿಲ್ಲ, ತುಟಿಯನ್ನೂ ತೆರೆಯಲಿಲ್ಲ.

"ಬಷೀರಾ," ಎಂದಳು ತಾಯಿ.

ಅವಳು ತಾಯಿಯ ಕಡೆ ತಿರುಗದೆ ಕಾಜಿಯನ್ನೇ ನೋಡುತ್ತ ಕೂತಳು.

ಕಾಜಿ ಮೂವತ್ತು ವರ್ಷದಿಂದ, ನಾಚಿ ಬಾಯಿ ಬಿಡದ ಹುಡುಗಿಯರ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡು ಬಂದವರು. ಅವರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಕಾಹ್ ಬರೆಯುವ ದಫ್ತರ ಎಳೆದುಕೊಂಡು ತೊಡೆಯ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದರು.