ಕದಲದ ಮೈನಸ್ ನಲವತ್ತು

ಸೋಮವಾರ ಬೆಳಿಗ್ಗೆ ಏಳು ಹತ್ತಕ್ಕೆ ನೋಡಿದರೆ ಮಂಗಳ ಗ್ರಹದ ಹವಾಮಾನ ನಿಂತುಹೋಗಿತ್ತು.

ಈ ಮಂಗಳ ಇದ್ದದ್ದು ಪ್ರಯೋಗಾಲಯದ ನೆಲಮಾಳಿಗೆಯಲ್ಲಿ: ಬೀರುವಿನಷ್ಟು ಎತ್ತರದ ಉಕ್ಕಿನ ಪೆಟ್ಟಿಗೆ. ಒಳಗೆ ಗಾಳಿ ಇದ್ದೂ ಇಲ್ಲದಷ್ಟು ತೆಳು. ಮಧ್ಯಾಹ್ನ ಮೈನಸ್ ಹತ್ತು ಡಿಗ್ರಿ, ನಸುಕಿಗೆ ಮೈನಸ್ ಎಂಬತ್ತು. ನಿಜವಾದ ಮಂಗಳದ ನೆಲದ ಮೇಲೆ ದಿನವೂ ಆಗುವಂತೆಯೇ. ಅಲ್ಲಿನ ಎಂಜಿನಿಯರ್ ಒಬ್ಬಳು ತಯಾರಿಸಿದ ಅಂಗೈಯಗಲದ ಒತ್ತಡಮಾಪಕ ಈ ಏರಿಳಿತ ತಾಳಿಕೊಂಡರೆ ಶುಕ್ರವಾರ ಮಂಗಳಕ್ಕೆ ಹೊರಡುವ ನೌಕೆಗೆ ಹೋಗುತ್ತದೆ. ಇಲ್ಲದಿದ್ದರೆ ಆ ಜಾಗ ಬೇರೆಯವರ ಉಪಕರಣಕ್ಕೆ. ನಾಲ್ಕು ದಿನಗಳಿಂದ ಚಳಿ ಹೆಚ್ಚಿದಾಗಲೆಲ್ಲ ಅದು ತಪ್ಪು ತೋರಿಸುತ್ತಿತ್ತು. ಎಲ್ಲೋ ಸೋರುತ್ತಿದೆ ಎಂದು ಅವಳ ಅನುಮಾನ. ಹೊಸದು ಮಾಡಲು ಎರಡು ತಿಂಗಳು ಬೇಕು.

ಈಗ ಪರದೆಯ ಮೇಲೆ ತಾಪಮಾನದ ಗೆರೆ ನೆಟ್ಟಗೆ ಮಲಗಿತ್ತು. ಮೈನಸ್ ನಲವತ್ತು. ಹಿಂದಿನ ಸಂಜೆ ಏಳರಿಂದ ಹಾಗೆಯೇ.

ಪಕ್ಕದ ಸ್ಟೂಲಿನ ಮೇಲೆ ಅವಳ ಚಿಕ್ಕಪ್ಪ ಕೂತಿದ್ದರು. ಮೂವತ್ತು ವರ್ಷ ಮೀನಿನ ಕೋಲ್ಡ್ ಸ್ಟೋರೇಜ್‌ನಲ್ಲಿ ಮೆಕ್ಯಾನಿಕ್ ಆಗಿದ್ದವರು. ಲ್ಯಾಬಿನ ಮೆಕ್ಯಾನಿಕ್ ರಜೆ ಹಾಕಿದ್ದರಿಂದ ಭಾನುವಾರ ರಾತ್ರಿಯ ಪಾಳಿಗೆ ಅವಳೇ ಕರೆಸಿದ್ದಳು.

"ಚಿಕ್ಕಪ್ಪಾ, ಇದನ್ನ ಯಾರು ಮುಟ್ಟಿದ್ದು?"

"ನಾನೇ ಮರಿ. ಏನ್ ಮೆಷಿನ್ನೇ ಇದು! ಬಂದಾಗ ಇಪ್ಪತ್ತೈದಿತ್ತು, ನೋಡ್ತಾ ನೋಡ್ತಾ ನಲವತ್ತಕ್ಕೆ ಇಳೀತು. ಹಿಡಿದು ನಿಲ್ಲಿಸಿದೆ. ಈಗ ಅರ್ಧ ಡಿಗ್ರಿ ಆಚೀಚೆ ಆಗಿದ್ರೆ ಕೇಳು."

"ಅದು ಇಳೀಬೇಕಿತ್ತು! ಮಂಗಳದಲ್ಲಿ ಹಗಲಿಗೂ ರಾತ್ರಿಗೂ ಎಪ್ಪತ್ತು ಡಿಗ್ರಿ ವ್ಯತ್ಯಾಸ."

"ಎಪ್ಪತ್ತಾ? ಎರಡು ಹೆಚ್ಚಾದ್ರೆ ನಮ್ ಮ್ಯಾನೇಜರ್ ನನ್ನ ಜನ್ಮ ಜಾಲಾಡ್ತಿದ್ದ. ಅಲ್ಲಿ ಮೆಕ್ಯಾನಿಕ್ ಯಾರೂ ಇಲ್ವಾ?"

"ಒಂದು ಫೋನ್ ಮಾಡಬಾರದಿತ್ತಾ?"

"ಕೆಲಸ ಗೊತ್ತಿರೋನು ಯಾರನ್ನ ಕೇಳ್ತಾನೆ?"

ಹನ್ನೆರಡು ಗಂಟೆಗಳ ಪರೀಕ್ಷೆ ನೀರುಪಾಲಾಗಿತ್ತು. ನಷ್ಟ ಬರೆದಿಡೋಣವೆಂದು ಅವಳು ಒತ್ತಡದ ದಾಖಲೆ ತೆರೆದಳು. ಎರಡು ಗೆರೆ: ಪೆಟ್ಟಿಗೆಯದೇ ಮಾಪಕದ್ದೊಂದು, ಅವಳದ್ದೊಂದು. ಇಡೀ ರಾತ್ರಿ ಅವುಗಳ ಅಂತರ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಮಾಪಕ ಸೋರುವುದೇ ಆಗಿದ್ದರೆ ಕದಲದ ಚಳಿಯಲ್ಲೂ ಸೋರುತ್ತಲೇ ಇದ್ದು ಆ ಅಂತರ ಬೆಳೆಯಬೇಕಿತ್ತು.

"ಚಿಕ್ಕಪ್ಪಾ, ಇದು ಸೋರ್ತಿಲ್ಲ! ಚಳಿಗೆ ಕುಗ್ಗಿ ಏನೋ ಅದನ್ನ ಅದುಮ್ತಿದೆ."

ಚಿಕ್ಕಪ್ಪ ಪೆಟ್ಟಿಗೆಯ ಗಾಜಿಗೆ ಟಾರ್ಚ್ ಹಿಡಿದು ಬಗ್ಗಿದರು. "ಮಾಪಕ ಹಿಡಿದಿರೋ ಈ ಅಲ್ಯೂಮಿನಿಯಂ ಪಟ್ಟಿ ಯಾರು ಬಿಗಿದಿದ್ದು?"

"ನಾನೇ."

"ಗೊತ್ತಾಯ್ತು ಬಿಡು. ಅಣ್ಣನ ಕೈಯೇ ನಿಂಗೂ ಬಂದಿದೆ. ನಿಮ್ಮಪ್ಪ ಮುಚ್ಚಿದ ಡಬ್ಬಿ ಮನೇಲಿ ಇವತ್ತಿಗೂ ಯಾರ ಕೈಯಲ್ಲೂ ತೆಗೆಯೋಕಾಗಲ್ಲ. ಚಳಿಗೆ ಇದು ಇನ್ನೂ ಬಿಗಿಯುತ್ತೆ ಮರಿ, ಒಂದು ಸುತ್ತು ಸಡಿಲ ಬಿಡು."

ಹತ್ತು ಗಂಟೆಗೆ ಪೆಟ್ಟಿಗೆ ತೆರೆದು ಸ್ಕ್ರೂ ಸಡಿಲಿಸಿದರು. ಮಧ್ಯಾಹ್ನದಿಂದ ಮಂಗಳದ ಹಗಲು ರಾತ್ರಿ ಮತ್ತೆ ಶುರುವಾಯಿತು. ಚಿಕ್ಕಪ್ಪ ತಾವಾಗಿಯೇ ಉಳಿದುಕೊಂಡರು. ಆದರೆ ತಾಪಮಾನ ಇಳಿಯತೊಡಗಿದಾಗಲೆಲ್ಲ, "ಇದನ್ನ ಕಣ್ಣಲ್ಲಿ ನೋಡೋಕಾಗಲ್ಲಪ್ಪ" ಎಂದು ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಮೂರು ದಿನ ಎರಡೂ ಗೆರೆಗಳು ಕೂಡಿಯೇ ಏರಿದವು, ಕೂಡಿಯೇ ಇಳಿದವು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಮಾಪಕವನ್ನು ನೌಕೆಗೆ ಜೋಡಿಸಲು ಕಳಿಸಲಾಯಿತು.