ಅರ್ಧಕ್ಕೆ ನಿಂತ ಪದ

ಸೂರಪ್ಪ ತೀರಿಕೊಂಡ ಮೇಲೆ ಕ್ಯಾತಮ್ಮನ ಹತ್ತಿರ ಅವನದೊಂದು ಫೋಟೊ ಉಳಿದಿತ್ತು, ಅದೂ ಆಧಾರ್ ಕಾರ್ಡಿನದು. ಅದರಲ್ಲಿ ಅವನು ಯಾರನ್ನೋ ಬೈಯಲು ಬಾಯಿ ತೆರೆಯುತ್ತಿರುವವನ ಹಾಗೆ ಕಾಣುತ್ತಿದ್ದ. ಅದನ್ನು ನೋಡಿದರೆ ಅವಳಿಗೆ ನೆನಪಾಗುತ್ತಿದ್ದುದು ಗಂಡನಲ್ಲ, ಕಾರ್ಡು ಮಾಡಿಸಲು ಬಿಸಿಲಲ್ಲಿ ನಿಂತ ಸಾಲು. ಗಂಡ ಕಣ್ಣಿಗೆ ಕಟ್ಟಬೇಕಾದರೆ ಅವಳಿಗೆ ದನಿ ಬೇಕಿತ್ತು.

ದನಿ ಸೊಸೆ ಮಾಲತಿಯ ಮೊಬೈಲಿನಲ್ಲಿ ಬರುತ್ತಿತ್ತು. ಮೊಬೈಲಿನ ಒಳಗೆ ಇರಲಿಲ್ಲ. ‘ನಮ್ಮ ಕಾವಲು’ ಎಂಬ ಇಂಟರ್‌ನೆಟ್ ಪೇಜಿನಲ್ಲಿತ್ತು. ಸೂರಪ್ಪ ಬದುಕಿದ್ದಾಗ ಮೊಳಕಾಲ್ಮೂರು ಕಡೆಯ ಹುಡುಗಿಯೊಬ್ಬಳು ಪರಶುರಾಂಪುರದ ಹತ್ತಿರದ ಅವರ ಹಟ್ಟಿಗೆ ಬಂದು, ಅವನು ಸಂಜೆ ಕುರಿ ತಿರುಗಿಸುವಾಗ ಹಾಡುತ್ತಿದ್ದ ಪದವನ್ನು ರೆಕಾರ್ಡು ಮಾಡಿಕೊಂಡು ಹೋಗಿದ್ದಳು. ಕಾವಲೆಂದು ಕರೆಯುವ ಹುಲ್ಲುಗಾವಲಿನ ಹಳೆಯ ಫೋಟೊಗಳು, ಮುದುಕರ ಮಾತು, ಪದ, ಒಗಟು ಎಲ್ಲವನ್ನೂ ಕೂಡಿಟ್ಟ ಪೇಜು ಅದು. ಸಂಜೆ ರೊಪ್ಪಕ್ಕೆ ಕುರಿ ತುಂಬಿ, ಬೇಲಿಮುಳ್ಳು ಎಳೆದು, ಕೈಕಾಲು ತೊಳೆದು ಬಂದು ಕ್ಯಾತಮ್ಮ ಕಟ್ಟೆಯ ಮೇಲೆ ಕೂರುವಳು. “ಎಲ್ಲಿ, ನಿಮ್ಮ ಮಾವನ್ನ ಹಾಕವ್ವ” ಎನ್ನುವಳು. ಮಾಲತಿ ಹಾಕುವಳು. ಸೂರಪ್ಪ ಹಾಡುವನು. ರೊಪ್ಪದೊಳಗಿನ ಮುದಿ ಕುರಿಗಳು ಆ ದನಿಗೆ ಕಿವಿ ನಿಮಿರಿಸುತ್ತವೆ ಎಂದು ಕ್ಯಾತಮ್ಮ ಹೇಳುತ್ತಿದ್ದಳು. ಮಾಲತಿ ನೋಡಿರಲಿಲ್ಲ, ಆದರೂ ಹೂಂ ಎನ್ನುತ್ತಿದ್ದಳು.

ಒಂದು ಸಂಜೆ ಪೇಜು ತೆರೆಯಲಿಲ್ಲ. ಆದೇಶದ ಮೇರೆಗೆ ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ಮಾತ್ರ ಬಂತು. ಎಲ್ಲೋ ದೂರದ ಊರಿನಲ್ಲಿ ಸುಳ್ಳು ಸುದ್ದಿಯಿಂದ ಗಲಾಟೆಯಾಗಿ, ಮೇಲಿನವರು ಒಂದೇ ಏಟಿಗೆ ನೂರಾರು ಪೇಜುಗಳನ್ನು ಬಂದ್ ಮಾಡಿಸಿದ್ದರು. ಆ ರಾಶಿಯಲ್ಲಿ ಇದೂ ಹೋಗಿತ್ತು. ಯಾಕೆ ಎಂದು ಕೇಳಿದರೆ ಹೇಳುವವರಿರಲಿಲ್ಲ.

“ನಿಮ್ಮ ಮಾವ ಕುರಿ ಕರೆದಿದ್ದು ಯಾರಿಗೆ ಏನು ಮಾಡ್ತು?” ಎಂದು ಕ್ಯಾತಮ್ಮ ಕೇಳಿದಳು.

“ನಂಗೇನು ಗೊತ್ತತ್ತೆ? ಬಿಟ್ರೂ ಬಿಡಬೌದು.”

ಬಿಡಲಿಲ್ಲ. ಮಳೆಗಾಲ ಮುಗಿದು ಶೇಂಗಾ ಕಿತ್ತರೂ ಬಿಡಲಿಲ್ಲ. ಕಟ್ಟೆಯ ಮೇಲೆ ಕೂರುವ ಹೊತ್ತಿಗೆ ಕ್ಯಾತಮ್ಮನಿಗೆ ಏನೋ ಒಲೆಯ ಮೇಲಿಟ್ಟು ಮರೆತು ಬಂದಂತೆ ಆಗುತ್ತಿತ್ತು. ಪದವನ್ನು ತಾನೇ ಗುನುಗಲು ನೋಡಿದಳು. ಸಾಲು ಬಂದವು, ಅವನು ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದ ರೀತಿ ಬರಲಿಲ್ಲ.

ಹಾಗಿರುವಾಗ ‘ಬಯಲು’ ಎಂದು ಹೆಸರಿಟ್ಟುಕೊಂಡ ಹ್ಯಾಕರ್‌ಗಳ ಗುಂಪೊಂದು ಒಂದು ಸರ್ಕಾರಿ ಇಲಾಖೆಯ ವೆಬ್‌ಸೈಟಿಗೆ ನುಗ್ಗಿತು. ಕದ್ದಿದ್ದು ಏನೂ ಇಲ್ಲ, ತಂದು ಇಟ್ಟದ್ದೇ ಹೆಚ್ಚು. ಬಂದ್ ಆಗಿದ್ದ ಪೇಜುಗಳನ್ನೆಲ್ಲ ಆ ಇಲಾಖೆಯ ಮುಖಪುಟದ ಮೇಲೇ ಸಾಲಾಗಿ ಹಾಕಿ, ‘ಇವರು ಮುಚ್ಚಿದ್ದು ಇದು, ನೀವೇ ನೋಡಿ’ ಎಂದು ಬರೆದಿದ್ದರು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ ಮಧ್ಯಾಹ್ನಕ್ಕೆ ಹಟ್ಟಿಗೂ ಬಂತು.

ಮಾಲತಿ ಓಡುತ್ತ ರೊಪ್ಪದ ಹತ್ತಿರ ಬಂದಳು. ಕ್ಯಾತಮ್ಮ ಮರಿಯೊಂದರ ಕಾಲಿಗೆ ಚುಚ್ಚಿದ್ದ ಮುಳ್ಳು ತೆಗೆಯುತ್ತಿದ್ದಳು.

“ಅತ್ತೆ, ಮಾವ! ಮಾವ ಬಂದೈತೆ!”

ಮರಿ ಕೈಜಾರಿ ಹೋಯಿತು. ಸೂರಪ್ಪ ಆಗಲೇ ಹಾಡುತ್ತಿದ್ದ. ಕ್ಯಾತಮ್ಮ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಮುಂದಿನ ಕುರಿಯನ್ನು ಕರೆದು, ಹಿಂದಿನದನ್ನು ಗದರಿಸಿ, ಹಳ್ಳದ ದಾರಿ ಬಿಟ್ಟು ದಿಬ್ಬದ ದಾರಿ ಹಿಡಿಯಿರಿ ಎನ್ನುವಲ್ಲಿಗೆ ದನಿ ಕಡಿಯಿತು. ಮಾಲತಿ ಒತ್ತಿದಳು, ಮತ್ತೆ ಒತ್ತಿದಳು. ಇಲಾಖೆಯವರು ಇಡೀ ವೆಬ್‌ಸೈಟನ್ನೇ ನಿಲ್ಲಿಸಿದ್ದರು.

“ದಿಬ್ಬ ಹತ್ತಲೇ ಇಲ್ಲ” ಎಂದಳು ಕ್ಯಾತಮ್ಮ. ಎಷ್ಟೋ ಹೊತ್ತು ಮೊಬೈಲು ವಾಪಸು ಕೊಡಲಿಲ್ಲ.

ಆ ವಾರ ಚಳ್ಳಕೆರೆಯಲ್ಲಿ ಎಲ್ಲಿ ನೋಡಿದರೂ ಹ್ಯಾಕರ್‌ಗಳದೇ ಮಾತು. ಬಸ್ ಸ್ಟ್ಯಾಂಡಿನ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯಲ್ಲಿ ಒಬ್ಬ ಅವರನ್ನು ಗಂಡಸರು ಎಂದರೆ ಇನ್ನೊಬ್ಬ ದೇಶದ್ರೋಹಿಗಳು ಎಂದ. ಮೂರನೆಯವನು, ಅವರಿಗೆ ಹೇಳಿ ತನ್ನ ಪಹಣಿಯ ಹೆಸರು ಸರಿಮಾಡಿಸಬಹುದೇ ಎಂದು ಕೇಳಿದ. ಕೊನೆಗೆ ಊರಿನ ಕೆಲವರು ಸೇರಿ ಒಂದು ಸಭಾಂಗಣದಲ್ಲಿ ಚರ್ಚೆಯನ್ನೇ ಇಟ್ಟರು. ಬ್ಯಾನರಿನ ಮೇಲೆ ‘ಹ್ಯಾಕರ್‌ಗಳು: ಕಳ್ಳರೋ, ಕಾವಲುಗಾರರೋ?’ ಎಂದಿತ್ತು. ಅಲ್ಲಿ ತಿಳಿದವರು ಬರುತ್ತಾರೆಂದು ಕೇಳಿ ಕ್ಯಾತಮ್ಮ ಸೊಸೆಯನ್ನು ಹೊರಡಿಸಿಕೊಂಡು ಬಂದಳು.

ಮೊದಲು ಎಣ್ಣೆ ಮಿಲ್ಲಿನ ಬೋರಣ್ಣ ಮಾತಾಡಿದರು. “ಬೀಗ ಒಡೆಯೋನು ಒಡೆಯೋನೇ ಕಣ್ರಪ್ಪ. ಇವತ್ತು ಸರ್ಕಾರದ ಬೀಗ, ನಾಳೆ ನಿಮ್ಮದು. ನನ್ನ ತಂಗಿ ಫೋನಿನೊಳಗೆ ಯಾವನೋ ನುಗ್ಗಿ, ಅವಳ ಫೋಟೊ ಇಟ್ಕೊಂಡು ಹೆದರಿಸಿದ. ಆರು ತಿಂಗಳು ಮನೆ ಬಿಟ್ಟು ಹೊರಗೆ ಬರಲಿಲ್ಲ ಆಯಮ್ಮ. ಅವರಿಗೆಲ್ಲ ಹಾರ ಹಾಕ್ಬೇಕಾ?” ಎಂದರು. ಕ್ಯಾತಮ್ಮನಿಗೂ ಅಯ್ಯೋ ಅನಿಸಿತು.

ಆಮೇಲೆ ವಕೀಲ ನಾಗಭೂಷಣ ಎದ್ದರು. “ಬೋರಣ್ಣೋರು ಹೇಳಿದ್ದು ಸುಳ್ಳಲ್ಲ. ಆದ್ರೆ ಕಾರಣ ಹೇಳದೆ ಜನರ ಬಾಯಿ ಮುಚ್ಚಿದ್ರೆ, ಕೇಳಾಕೆ ಬಾಗಿಲೇ ಇಲ್ಲದಿದ್ರೆ, ಯಾವನೋ ಗೋಡೆ ಒಡೀತಾನೆ. ಒಡೆದಿದ್ದು ತಪ್ಪು ಅಂತೀನಿ. ಬಾಗಿಲು ಇಡದೆ ಇದ್ದಿದ್ದೂ ತಪ್ಪು ಅಂತೀನಿ” ಎಂದರು. ಅರ್ಧ ಸಭೆ ಚಪ್ಪಾಳೆ ತಟ್ಟಿತು, ಅರ್ಧ ಸಭೆ ಗೊಣಗಿತು.

ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು ಎಂದಾಗ ಕ್ಯಾತಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಮಾಲತಿ ಗಾಬರಿಯಿಂದ ಅವಳ ಕೈ ಹಿಡಿದಳು, ಬಿಟ್ಟಳು.

“ಸ್ವಾಮಿ, ನಂಗೆ ಕಳ್ಳರು ಯಾರು, ಕಾವಲಿನೋರು ಯಾರು ತಿಳಿಯಾಕಿಲ್ಲ. ಆ ಹುಡುಗರ ಫೋನ್ ನಂಬರು ಯಾರತ್ರಾನಾ ಐತಾ?”

ಸಭೆ ನಕ್ಕಿತು.

“ಬೈಯಾಕಲ್ಲ. ಅವರು ನಮ್ಮ ಯಜಮಾನ್ರ ಪದ ಹಾಕಿದ್ರು. ನಾನು ಅರ್ಧ ಕೇಳಿದೆ, ನಿಂತೋಯ್ತು. ಆಯಪ್ಪ ಸತ್ತು ಎರಡನೇ ವರ್ಷ. ಇನ್ನೊಂದು ಸಾರಿ ಹಾಕ್ರಪ್ಪ ಅಂತ ಕೇಳ್ಬೇಕಿತ್ತು. ಅಷ್ಟೇ.”

ನಗು ಮುಂದಿನ ಸಾಲಿನಿಂದ ಹಿಂದಕ್ಕೆ ಆರುತ್ತ ಹೋಯಿತು. ಬೋರಣ್ಣ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು. ನಾಗಭೂಷಣ ವೇದಿಕೆಯಿಂದ ಇಳಿದು ಬಂದು, “ಅವರ ನಂಬರು ಯಾರತ್ರಾನೂ ಇರಲ್ಲಮ್ಮ. ಆ ಪೇಜು ಮಾಡಿದ ಹುಡುಗಿ ನಂಗೆ ಗೊತ್ತು. ಮೊಳಕಾಲ್ಮೂರಿನ ರಂಜಿತಾ ಅಂತ, ನೇಕಾರರ ನಾಗರಾಜಪ್ಪನ ಮಗಳು. ಪೇಜು ಬಿಡಿಸಾಕೆ ನನ್ನ ಕೈಲೇ ಅರ್ಜಿ ಹಾಕಿಸೈತೆ. ಅಲ್ಲಿಗೆ ಹೋಗ್ರಿ” ಎಂದರು.

ಮಾರನೆಯ ಬೆಳಿಗ್ಗೆಯೇ ಅತ್ತೆ ಸೊಸೆ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತ ಕ್ಯಾತಮ್ಮನಿಗೆ ಹಳೆಯದು ನೆನಪಾಯಿತು. ಮದುವೆಯಾದ ಹೊಸದರಲ್ಲಿ ಗಂಡ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗುತ್ತಿದ್ದ. ವಾಪಸು ಬರುವ ದಿನ ಅವನು ಕಾಣುವುದಕ್ಕೆ ಮೊದಲು ದಿಬ್ಬದ ಆಚೆಯಿಂದ ಪದ ಕೇಳುತ್ತಿತ್ತು. ಆಗ ಅವಳು ಮುದ್ದೆಗೆ ಎಸರಿಡುತ್ತಿದ್ದಳು. ಆ ದನಿಗೂ ಅವನು ಬಾಗಿಲಿಗೆ ಬಂದು ನಿಲ್ಲುವುದಕ್ಕೂ ನಡುವಿನ ಹೊತ್ತು ಎಷ್ಟು ಚೆನ್ನಾಗಿತ್ತೆಂದು ಅವಳಿಗೆ ಈಗ ತಿಳಿಯಿತು.

ಮಗ್ಗದ ಸದ್ದು ಹಿಡಿದು ಮನೆ ಹುಡುಕಿದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ನೇಯುತ್ತಿದ್ದ ನಾಗರಾಜಪ್ಪ ಕೈ ನಿಲ್ಲಿಸಿ, “ರಂಜಿತಾ, ಎವರೊಚ್ಚಿನಾರೋ ಚೂಡಮ್ಮಾ” ಎಂದು, ಬಂದವರು ಯಾರೆಂದು ನೋಡಲು ಮಗಳನ್ನು ತೆಲುಗಿನಲ್ಲಿ ಕೂಗಿದರು. ಒಳಗಿನಿಂದ ಬಂದ ರಂಜಿತಾ ಕ್ಯಾತಮ್ಮನನ್ನು ಕಂಡ ಕೂಡಲೇ ಗುರುತು ಹಿಡಿದಳು. ಅವಳ ಮುಖ ಅರಳಿತು, ಹಿಂದೆಯೇ ಬಾಡಿತು.

“ಅವ್ವಾ, ನೀವು ಯಾಕೆ ಬಂದ್ರಿ ಅಂತ ಗೊತ್ತಾಯ್ತು. ಆದ್ರೆ ನನ್ನತ್ರ ಇಲ್ಲ. ಹ್ಯಾಕರ್‌ಗಳ ಕೂಡ ನಂಟು ಐತೇನೋ ಅಂತ ವಿಚಾರಣೆಗೆ ಬಂದೋರು ಲ್ಯಾಪ್‌ಟಾಪ್ ತಗೊಂಡೋದ್ರು. ನಂಗೆ ಆ ಗುಂಪಿನೋರು ಯಾರೂ ಗೊತ್ತಿಲ್ಲ. ಹೇಳಿದ್ರೂ ಕೇಳ್ಲಿಲ್ಲ. ಪದ ಎಲ್ಲಾ ಅದ್ರಲ್ಲೇ ಅದಾವೆ.”

“ಊರಿನೋರೂ ಅಷ್ಟೇ” ಎಂದರು ನಾಗರಾಜಪ್ಪ. “ಮೊದ್ಲು ಶಭಾಷ್ ಅಂದ್ರು. ಮನೆ ಮುಂದೆ ಜೀಪ್ ನಿಂತ ಮೇಲೆ ಬೀದಿ ಬದಲಾಯಿಸಿ ನಡೀತಾರೆ.”

ಕ್ಯಾತಮ್ಮ ಗೋಡೆಗೊರಗಿ ಕೂತಳು. ಅಳಲಿಲ್ಲ. “ನಿಂಗೂ ತೊಂದ್ರೆ ಆಯ್ತಲ್ಲವ್ವ” ಎಂದಳು. ಆ ಮಾತು ಕೇಳಿ ರಂಜಿತಾಳ ಕಣ್ಣಲ್ಲಿ ನೀರು ಬಂತು. ಅವಳು ಒಳಗೆ ಹೋಗಿ, ಗಾಜು ಒಡೆದ ಹಳೆಯ ಮೊಬೈಲೊಂದನ್ನು ತಂದಳು.

“ಆವತ್ತು ಹಟ್ಟಿಗೆ ತಂದಿದ್ದು ಇದೇ ಫೋನು. ಪದಾನ ಲ್ಯಾಪ್‌ಟಾಪಿಗೆ ಹಾಕಿ ಇದ್ರಿಂದ ಅಳಿಸಿಬಿಟ್ಟೆ. ಪದಕ್ಕೆ ಮುಂಚೆ ಒಂದು ಚೂರು ರೆಕಾರ್ಡ್ ಆಗಿತ್ತು. ಕೆಲಸಕ್ಕೆ ಬರಲ್ಲ ಅಂತ ಪೇಜಿಗೆ ಹಾಕಿರಲಿಲ್ಲ.”

ಒತ್ತಿದಳು. ಮೊದಲು ಗಾಳಿ, ನಾಯಿ ಬೊಗಳುವ ಸದ್ದು. ಆಮೇಲೆ ಸೂರಪ್ಪ ಕೆಮ್ಮಿದ.

“ಏ ಕ್ಯಾತೀ! ಎಲ್ಲಿ ಹೋದ್ಯೇ? ಈ ಹುಡುಗಿ ಪದ ಹೇಳು ಅಂತೈತೆ. ಬಂದು ಇಲ್ಲಿ ಕುಂತ್ಕ. ನೀನು ಎದುರಿಗೆ ಇಲ್ದಿದ್ರೆ ನಂಗೆ ಮೊದಲ ಸಾಲೇ ನೆಪ್ಪಾಗಲ್ಲ.”

ಅಷ್ಟೇ.

ಆ ದಿನ ಕ್ಯಾತಮ್ಮ ನೀರಿಗೆ ಹೋಗಿದ್ದಳು. ಬರುವ ಹೊತ್ತಿಗೆ ಅವನು ಹಾಡಲು ತೊಡಗಿದ್ದ. ತನ್ನನ್ನು ಕರೆದಿದ್ದನೆಂದು ಅವನೂ ಹೇಳಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ಜನರ ಮುಂದೆ ಅವನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ.

“ಇನ್ನೊಂದು ಸಾರಿ” ಎಂದಳು. ಇನ್ನೊಂದು ಸಾರಿ ಕೇಳಿದಳು.

ಮಾಲತಿಯ ಮೊಬೈಲಿಗೆ ಅದನ್ನು ಹಾಕಿಕೊಡುತ್ತ ರಂಜಿತಾ ಕೇಳಿದಳು: “ಪೇಜು ತೆರೆದ್ರೆ ಇದನ್ನೂ ಹಾಕ್ಲಾ ಅವ್ವಾ? ಪದಕ್ಕಿಂತ ಇದೇ ಚೆನ್ನಾಗೈತೆ.”

ಕ್ಯಾತಮ್ಮ ಅಡ್ಡಡ್ಡ ತಲೆಯಾಡಿಸಿದಳು. “ಬ್ಯಾಡ ಕಣವ್ವ. ಪದ ಎಲ್ಲರದೂ. ಅದನ್ನ ಮುಚ್ಚಿದ್ದು ತಪ್ಪು, ಬಿಡಿಸು. ಇದು ನನ್ನ ಕರೆದಿದ್ದು.”

ನಾಗರಾಜಪ್ಪ ಇಬ್ಬರಿಗೂ ಊಟ ಹಾಕಿಸಿ, ಬಸ್ಸಿನ ತನಕ ತಾವೇ ಜೊತೆಗೆ ಬಂದರು. ಬೀದಿಯ ಜನ ನೋಡುತ್ತಿದ್ದರು. ಅವರು ಯಾರನ್ನೂ ನೋಡಲಿಲ್ಲ.

‘ಬಯಲು’ ಗುಂಪಿನವರು ಸಿಕ್ಕಿಬಿದ್ದರೆಂದು ಕೆಲವರು, ಇಲ್ಲವೆಂದು ಕೆಲವರು ಹೇಳಿದರು. ಆಮೇಲೆ ಈರುಳ್ಳಿಯ ರೇಟು ಬಂತು, ಚುನಾವಣೆಯ ಮಾತು ಬಂತು, ಚಳ್ಳಕೆರೆ ಅವರನ್ನು ಮರೆಯಿತು. ರಂಜಿತಾಳ ಅರ್ಜಿಗೆ ಉತ್ತರ ಬಂದಿಲ್ಲ. ನಾಗಭೂಷಣರು ಮತ್ತೊಂದು ಬರೆದಿದ್ದಾರೆ. ಸೊಸೆ ಪರಶುರಾಂಪುರಕ್ಕೆ ಹೋಗಿ ಬಂದಾಗಲೆಲ್ಲ, ಅಂಗಡಿಯ ಸಾಮಾನು ಇಳಿಸುವುದಕ್ಕೂ ಮುಂಚೆ ಕ್ಯಾತಮ್ಮ ಕೇಳುತ್ತಾಳೆ: “ಪೇಜು ಬಿಟ್ರಂತಾ?”

ಸಂಜೆ ಕುರಿ ತುಂಬಿದ ಮೇಲೆ ಅವಳು ಕಟ್ಟೆಯ ಮೇಲೆ ಕೂತು ಮೊಬೈಲು ಇಸಿದುಕೊಳ್ಳುತ್ತಾಳೆ. ಒತ್ತುವುದನ್ನು ಈಗ ತಾನೇ ಕಲಿತಿದ್ದಾಳೆ. ಗಾಳಿ, ನಾಯಿ, ಕೆಮ್ಮು. ಎಲ್ಲಿ ಹೋದ್ಯೇ ಎನ್ನುತ್ತಾನೆ ಸೂರಪ್ಪ. “ಇಲ್ಲೇ ಕುಂತಿವ್ನಿ, ಹೇಳು” ಎನ್ನುತ್ತಾಳೆ ಅವಳು, ಒಳಗೆ ಸೊಸೆಗೆ ಕೇಳದಷ್ಟು ಮೆಲ್ಲಗೆ. ಅಲ್ಲಿಂದ ಮುಂದಕ್ಕೆ ಪದ ಶುರುವಾಗಬೇಕು. ಅವಳು ಕಾಯುತ್ತಾಳೆ.