ಡ್ಯೂಕನ ಕಪಾಟು

“ಈ ಕಪಾಟಿನ್ಯಾಗ ಫ್ರಾನ್ಸಿನ ಡ್ಯೂಕ್ ಒಬ್ಬಾವ ಮೂರು ತಿಂಗಳು ಅಡಗಿ ಕುಂತಿದ್ದ. ಕಟಗೊಂಡ ಹೆಂಡ್ತಿಗೂ ಗೊತ್ತಾಗ್ಲಿಲ್ಲ!” ಟ್ರಕ್ಕಿನಿಂದ ಕಪಾಟು ಇಳಿಸುತ್ತಿದ್ದ ಹುಡುಗರಿಗೆ ಮುರುಗೆಪ್ಪನ ಗೆಳೆಯ ಈಶಣ್ಣ ಕೂಗಿ ಹೇಳುತ್ತಿದ್ದ. “ಸಾವಕಾಶ ಹಿಡೀರೋ. ಜಪಾನಿನ ಅರಗಿನ ಕೆಲಸ. ಮುನ್ನೂರು ವರ್ಷ ಅರಮನ್ಯಾಗ ಇದ್ದದ್ದು!”

ಮುರುಗೆಪ್ಪನನ್ನು ಕಳುಹಿಸಿಕೊಡಲು ಈಸ್ಟ್ ಬ್ರನ್ಸ್‌ವಿಕ್‌ನ ಫ್ಯೂನರಲ್ ಹೋಮಿಗೆ ನ್ಯೂಜೆರ್ಸಿಯ ಅರ್ಧ ಸಾಫ್ಟ್‌ವೇರೇ ರಜೆ ಹಾಕಿ ಬಂದಿತ್ತು. ಮೈತುಂಬ ಬಂಗಾರದ ಕೊಕ್ಕರೆಗಳಿದ್ದ ಆ ಕರಿ ಕಪಾಟು ಒಳಗೆ ಬಂದದ್ದೇ ತಡ, ಎಲ್ಲರೂ ಸರಿದು ದಾರಿ ಬಿಟ್ಟರು.

“ಇದನ್ಯಾಕ ತರಿಸಿದಿ ಅವ್ವಾ?” ಮಗ ರಾಜಶೇಖರ ಬೆಚ್ಚಿದ.

“ನಿಮ್ಮಪ್ಪನ್ನ ಇದರಾಗ ಕೂಡಸ್ತೀನಿ,” ಎಂದಳು ಕಾಶಿಬಾಯಿ. “ಲಿಂಗಾಯತರು ನಾವು, ಕುಂತು ಮಣ್ಣಿಗೆ ಹೋಗೋ ಮಂದಿ. ಇವರ ಪೆಟಗ್ಯಾಗ ಮಲಗಸಾಕ ಬಿಡಂಗಿಲ್ಲ. ಮ್ಯಾನೇಜರ್ ಹೂಂ ಅಂದಾನ. ಸುಪ್ರಿಯಾ, ಒಳಗಿನ ಹಲಗಿ ತಗಿ.”

“ಆರ್ ಯು ಸೀರಿಯಸ್?” ರಾಜಶೇಖರ ದನಿ ಏರಿಸಿದ. “ಮ್ಯೂಸಿಯಂ ಪೀಸ್ ಅವ್ವಾ ಅದು! ಅಪ್ಪನ ಹೆಸರಿನ್ಯಾಗ ಮ್ಯೂಸಿಯಮ್ಮಿಗೆ ಕೊಡೋಣು. ಮಣ್ಣಾಗ ಹೂಳತಾರೇನು?”

*

ಗೃಹಪ್ರವೇಶದ ದಿನ ಈಶಣ್ಣ ತಂದುಕೊಟ್ಟ ಉಡುಗೊರೆ ಅದು. ಆಗ ಮುರುಗೆಪ್ಪ ಹಗಲೆಲ್ಲ ಕಂಪ್ಯೂಟರಿನಲ್ಲಿ ಎರಡು ಸಾವಿರದ ಇಸವಿಯ ಗಂಡಾಂತರ ತಿದ್ದುವವನು; ಸಂಜೆ ಬಂದ ಅತಿಥಿಗಳಿಗೆ ಚಹಾಕ್ಕಿಂತ ಮೊದಲು ಕಪಾಟು ತೋರಿಸುವವನು. ಜಪಾನಿನಿಂದ ಅದು ಹಡಗು ಹತ್ತಿದ ಕತೆಗೆ ಪ್ರತಿಸಲವೂ ಒಂದು ಬಿರುಗಾಳಿ ಹೆಚ್ಚಾಗುತ್ತಿತ್ತು.

ಒಮ್ಮೆ ಪರಿಚಯದವರೊಬ್ಬರ ಮಣ್ಣಿಗೆ ಹೋಗಿ ಬಂದವನೇ ಹಲಗೆ ತೆಗೆದು, ಕಪಾಟಿನೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ.

“ಕಾಶೀ, ಬರೋಬ್ಬರಿ ಹಿಡಸ್ತೀನಿ ನೋಡು. ಪಾಪ, ಆ ಮನಶಾನ್ನ ಮಲಗಿಸಿಬಿಟ್ರು. ನನಗ ಹಂಗ ಮಾಡಬ್ಯಾಡ.”

*

“ಕಾಕಾ, ನೀವ ಹೇಳ್ರಿ ಅವ್ವಗ,” ರಾಜಶೇಖರ ಈಶಣ್ಣನ ಕೈ ಹಿಡಿದ. “ಡ್ಯೂಕನ ಮನೀದು ಅಂದವ್ರು ನೀವು.”

ಈಶಣ್ಣ ಬಾಯಿ ತೆರೆಯುವ ಮೊದಲೇ ಕಪಾಟಿನೊಳಗಿಂದ ಸೊಸೆ ಸುಪ್ರಿಯಾಳ ದನಿ ಬಂತು. ಬೆಂಗಳೂರಿನ ಹುಡುಗಿ.

“ಅಂಕಲ್, ಮುನ್ನೂರು ವರ್ಷದ ಹಿಂದೆ ಪ್ಲೈವುಡ್ ಇತ್ತಾ?”

ಅವಳ ಕೈಯಲ್ಲಿದ್ದ ಹಲಗೆಯ ಅಂಚು ಪದರು ಪದರಾಗಿ ಬಿಚ್ಚಿಕೊಂಡಿತ್ತು. ಕಾಶಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಇರಲಿಲ್ಲವ್ವಾ,” ಎಂದ ಈಶಣ್ಣ. ನೆಲ ನೋಡಿದ. “ಇಲ್ಲೇ ಜೆರಿಕೋ ಅನ್ನೋ ಊರಾಗ, ಯಾರದೋ ಹಳೇ ಸಾಮಾನಿನ ಗರಾಜ್ ಸೇಲಿನ್ಯಾಗ ತಂದದ್ದು. ಡ್ಯೂಕೂ ಇಲ್ಲ, ಜಪಾನೂ ಇಲ್ಲ. ಕೊಕ್ಕರಿ ಮಾಸಿದ್ದುವು, ನಾನ ಬಣ್ಣ ಬಳದೆ.”

“ಅಪ್ಪಗ ಗೊತ್ತಿತ್ತೇನು?”

ಈಶಣ್ಣನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಸುಳ್ಳು ಹೊಳೆಯಲಿಲ್ಲ.

“ಇಲ್ಲಪಾ. ನಂಬಿದ್ದ.”

ರಾಜಶೇಖರ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಮಲಗಿದ್ದ ತಂದೆಯ ಕಂಕುಳಡಿ ಎರಡೂ ಕೈ ತೂರಿಸಿ ಮೆಲ್ಲಗೆ ಎಬ್ಬಿಸಿ, ಕಪಾಟಿನತ್ತ ತಿರುಗಿದ.

“ಕಾಕಾ,” ಎಂದ, “ಕಾಲು ಹಿಡೀರಿ.”